ಹೊತ್ತು ಮುಳುಗಿದರೆ ಹೊಸ್ತಿಲು ದಾಟದವರು

ಗುಬ್ಬಿಗಳೂ ಮನುಷ್ಯರೊಡನೆ ಹರಟುತ್ತಿದ್ದ ಕಾಲದಲ್ಲಿ, ಚೀನಾದ ಫೂಜಿಯಾನ್ ಬೆಟ್ಟಗಳ ನಡುವೆ ಲಾಯ್ ಎಂಬ ಕುಲವಿತ್ತಂತೆ. ಆ ಕುಲದ ಗಂಡಸರು ಹೊತ್ತು ಮುಳುಗಿದರೆ ಹೊಸ್ತಿಲು ದಾಟುತ್ತಿರಲಿಲ್ಲ. ಜೂಜಿಲ್ಲ, ಕುಡಿತವಿಲ್ಲ, ಕಂಡವರ ಅಂಗಳವಿಲ್ಲ. ಊರು ಹೊಗಳಿತು. ಹೊಗಳಿಕೆಯೇ ನಿಯಮವಾಗಿ, ಕುಲಮಂದಿರದ ತೊಲೆಯ ಮೇಲೆ ಚಿನ್ನದ ಅಕ್ಷರವಾಗಿ ಕೂತಿತು.

ಈ ಕತೆಯನ್ನು ಮೊಮ್ಮಗಳು ರುಯ್‌ಲಾನ್‌ಗೆ ಹೇಳುತ್ತಿದ್ದ ಅಜ್ಜಿ ಮಾತ್ರ ಅದೇ ಮಂದಿರದ ಹೊರಗಿನ ಕಲ್ಲಿನ ಮೇಲೆ ಕೂರಬೇಕಿತ್ತು. ಬೇರೆ ಊರಿನಿಂದ ಬಂದ ಸೊಸೆ. ಗಂಡ ಹರೆಯದಲ್ಲೇ ಜ್ವರಕ್ಕೆ ಹೋದ. ಮಗ, ಅಂದರೆ ರುಯ್‌ಲಾನ್‌ಳ ಅಪ್ಪ, ಮೀಸೆ ಹಣ್ಣಾಗುವ ಮೊದಲೇ ಕುರುಡನಾದ. "ಕೆಟ್ಟ ರಕ್ತ ತಂದವಳು" ಅಂದರು. ಹಿರಿಯರ ಹಬ್ಬ ಛಿಂಗ್‌ಮಿಂಗ್ ಬಂದರೆ ಎಲ್ಲರೂ ಒಳಗೆ ಹಿರಿಯರಿಗೆ ಊದುಬತ್ತಿ ಹಚ್ಚುವರು, ಈಕೆ ಹೊರಗೆ ಅವರಿಗಾಗಿ ಮಾಚಿಪತ್ರೆಯ ಹಸಿರು ಕಡುಬು ಬೇಯಿಸುವಳು. ತಿನ್ನಲು ಮಾತ್ರ ಆ ಕೈಗೆ ಮೈಲಿಗೆಯಿರಲಿಲ್ಲ!

"ದೊಡ್ಡ ಬಾಗಿಲಿಂದಲೇ ಕರ್ಕೊಂಡ್ಹೋಗಿ, ನಿನ್ನ ಕೈಲೇ ಊದುಬತ್ತಿ ಹಚ್ಚಿಸ್ತೀನಿ ಅಜ್ಜಿ," ಎಂದು ರುಯ್‌ಲಾನ್ ಚಿಕ್ಕವಳಿದ್ದಾಗಲೇ ಮಾತು ಕೊಟ್ಟಿದ್ದಳು.

ಈ ಸಲ ಹಬ್ಬಕ್ಕೆ ಮೊದಲು, ಅಪ್ಪನ ಕುರುಡಿಗೆ ಕಾರಣ ಹುಡುಕಲು ಪಟ್ಟಣದ ಕಣ್ಣಿನ ಡಾಕ್ಟರಮ್ಮ ಮನೆಮಂದಿಯ ರಕ್ತ ತೆಗೆದುಕೊಂಡು ಹೋಗಿದ್ದಳು. "ಯಾರಿಗಾದ್ರೂ ಇರುಳುಗಣ್ಣು ಇದೆಯಾ?" ಅಂದಾಗ ಗಂಡಸರೆಲ್ಲ ಇಲ್ಲವೆಂದಿದ್ದರು. ಸುಳ್ಳೇನಲ್ಲ, ಕತ್ತಲಿಗೆ ಕಾಲಿಟ್ಟವರಿಗೆ ತಾನೇ ಗೊತ್ತಾಗುವುದು.

ಛಿಂಗ್‌ಮಿಂಗ್ ದಿನ ಕುಲವೆಲ್ಲ ನೆರೆದಿದ್ದಾಗ ಡಾಕ್ಟರಮ್ಮ ರಕ್ತಪರೀಕ್ಷೆಯ ಉತ್ತರ ತಂದಳು. ಒಬ್ಬೊಬ್ಬರಿಗೇ ಹೇಳುತ್ತೇನೆಂದರೂ ಅಜ್ಜಿಯ ಮೈದುನ, ಕುಲದ ಯಜಮಾನ ದಿಂಗ್‌ಬಾಂಗ್, ಬಿಡಲಿಲ್ಲ.

"ನಂದು ಎಲ್ಲರೆದುರೇ ಹೇಳಮ್ಮ. ಕೆಟ್ಟ ರಕ್ತ ಯಾರದು ಅಂತ ಊರಿಗೇ ಗೊತ್ತಾಗ್ಲಿ."

"ನಂದೂ ಹೇಳು ತಾಯಿ," ಎಂದಳು ಅಜ್ಜಿ. ಅಪ್ಪನೂ ತಲೆಯಾಡಿಸಿದ.

"ನಿಮ್ಮಣ್ಣನ ಮಗನ ಕಣ್ಣು ಕೆಡಿಸಿದ ದೋಷ ವಂಶವಾಹಿಯದು," ಎಂದಳು ಡಾಕ್ಟರಮ್ಮ. "ಅದು ಅಜ್ಜಿಯಲ್ಲಿಲ್ಲ. ನಿಮ್ಮಲ್ಲಿದೆ. ನಿಮ್ಮ ಮನೆತನದಲ್ಲೇ ಇಳಿದು ಬಂದದ್ದು. ಕೆಲವರಿಗೆ ಕಣ್ಣೇ ಹೋಗುತ್ತೆ, ಕೆಲವರಿಗೆ ಕತ್ತಲಲ್ಲಿ ಮಾತ್ರ ಕಾಣಲ್ಲ."

"ನನ್ನ ಕಣ್ಣಿಗೇನಾಗಿದೆ? ರಾತ್ರಿ ಹೊರಗೆ ಹೋಗದಿರೋದು ನಮ್ಮ ಶಿಸ್ತು!"

ಅಜ್ಜಿ ನಕ್ಕುಬಿಟ್ಟಳು. "ನಿಮ್ಮಣ್ಣ ಮುಸ್ಸಂಜೇಲಿ ಹಂದಿಗೂಡಿಗೆ ಬಿದ್ದು, 'ಮರಿ ನೋಡೋಕೆ ಇಳಿದೆ' ಅಂದಿದ್ರು. ನಾನು ನಂಬಿದ್ದೆ ನೋಡಿ, ಪೆದ್ದಿ!"

ರುಯ್‌ಲಾನ್‌ಗೆ ನಗು ಬರಲಿಲ್ಲ. ಮೈಯೆಲ್ಲ ಉರಿಯಿತು. "ನಿಮ್ಮ ರೋಗಕ್ಕೆ ಚಿನ್ನದ ಅಕ್ಷರ, ನಮ್ಮಜ್ಜಿಗೆ ಬೀದಿಯ ಕಲ್ಲು! ಅವಳ ಆಯುಷ್ಯವನ್ನೆಲ್ಲ ಹೊಗೆಯಲ್ಲಿ ಬೇಯಿಸಿ ತಿಂದ್ರಲ್ಲ ಚಿಕ್ಕಜ್ಜ, ಯಾವ ಶಿಸ್ತು ಅದು?"

ಯಜಮಾನ ಗಂಟಲು ಸರಿಮಾಡಿಕೊಂಡ. "ಆಯ್ತು... ಹಿಂಬಾಗಿಲಿಂದ ಬಂದು ಹಚ್ಚಲಿ."

"ದೊಡ್ಡ ಬಾಗಿಲು," ಎಂದಳು ರುಯ್‌ಲಾನ್.

"ಹೆಂಗಸರು ಹಾಗೆಲ್ಲ—"

"ದಾರಿ ಬಿಡಿ, ಚಿಕ್ಕಪ್ಪ." ಎಂದೂ ಬಾಯಿ ತೆರೆಯದ ಕುರುಡು ಅಪ್ಪನ ದನಿ ಅದು.

ದಿಂಗ್‌ಬಾಂಗ್ ಪಕ್ಕಕ್ಕೆ ಸರಿದ. ಅಜ್ಜಿ ಹಿಟ್ಟಿನ ಕೈ ತೊಳೆದು, ಮೊಮ್ಮಗಳ ತೋಳು ಹಿಡಿದು, ದೊಡ್ಡ ಬಾಗಿಲಿನ ಎತ್ತರದ ಹೊಸ್ತಿಲನ್ನು ಸಾವಕಾಶವಾಗಿ ದಾಟಿದಳು. ಗಂಡನ ಹೆಸರಿನ ಹಲಗೆಯ ಮುಂದೆ ನಿಂತು ಊದುಬತ್ತಿ ಹಚ್ಚಿದಳು.