ತಂಗಿಗೊಂದು ಸುರಂಗ

"ಇದು ಸುರಂಗ ಇದ್ದ ಹಾಗೆ ಮೇಡಂ," ಎಂದ ನೆಟ್‌ವರ್ಕ್‌ನವನು. "ಒಂದು ಬಾಯಿ ನಿಮ್ಮ ತಂಗಿ ಮನೇಲಿ, ಇನ್ನೊಂದು ಇಲ್ಲಿ. ನಡುವೆ ಏನು ಹೋಗುತ್ತೆ ಅಂತ ಹೊರಗಿನವರಿಗೆ ಕಾಣಲ್ಲ."

ನನ್ನ ಕಿವಿ ನೆಟ್ಟಗಾಯಿತು. ಸುರಂಗ ಕೊರೆಯುವವರು ಯಾರು? ಕಳ್ಳರು. ಕಾಣದ ಹಾಗೆ ಸಾಗಿಸುವವರು? ಅವರೇ. "ನಂಗೂ ಕಾಣಲ್ವೇನಪ್ಪಾ?" ಎಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ನಮ್ಮದು ಮಹಡಿ ಮೇಲೆ ಕೋಟುಗಳ ಪ್ಯಾಟರ್ನ್ ಬರೆಯುವ ಪುಟ್ಟ ಕಚೇರಿ. ಹೊಲಿಗೆ ಕಾರ್ಖಾನೆಯವರು ನಮ್ಮ ನಕ್ಷೆ ಇಟ್ಟುಕೊಂಡು ಬಟ್ಟೆ ಕತ್ತರಿಸುತ್ತಾರೆ. ಹೆಸರು ನನ್ನದು, ಕೈ ತಂಗಿಯದು. ಅವಳೀಗ ಬಸುರಿ, ಹೆರಿಗೆಯವರೆಗೂ ಮೆಟ್ಟಿಲು ಹತ್ತಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಮನೆಯಿಂದ ಕೆಲಸ ಮಾಡಲು ದಾರಿ ಮಾಡಿಕೊಡದಿದ್ದರೆ ಎದುರು ಬೀದಿಯ ಪ್ಯಾಟರ್ನ್‌ನವನು ಅವಳನ್ನು ಸೆಳೆದುಕೊಳ್ಳಲು ಕಾದು ಕೂತಿದ್ದ. ಅವಳು ಹೋದರೆ ನನ್ನ ಬಾಗಿಲಿಗೆ ಬೀಗವೇ. ಅದೂ ಹಾಳಾಗಿ ಹೋಗಲಿ, ನನಗಿರುವವಳು ಅವಳೊಬ್ಬಳೇ.

ಅನುಮಾನ ಅವಳ ಮೇಲಲ್ಲ, ಅವಳ ಗಂಡನ ಮೇಲೆ. ಕಳೆದ ಚಳಿಗಾಲ ನಾವು ಬರೆದ ಕೋಟಿನ ಕಾಲರು ನಾವು ಹೊರಬಿಡುವ ಮೊದಲೇ ಎದುರು ಬೀದಿಯವನ ಗಾಜಿನ ಕಪಾಟಿನಲ್ಲಿ ನಿಂತಿತ್ತು. ಹೇಗೆ ಹೋಯಿತೆಂದು ಇವತ್ತಿಗೂ ಗೊತ್ತಿಲ್ಲ. ಆದರೆ ಈ ಮಹಾಶಯ ಅವನ ಜೊತೆ ಹಲ್ಲು ಕಿರಿಯುತ್ತ ಕಾಫಿ ಕುಡಿದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನನ್ನ ಮುಂದೆ ಮಾತ್ರ "ಅಕ್ಕಾ, ಅಕ್ಕಾ" ಅಂತ ಬೆಣ್ಣೆ ಹಚ್ಚುತ್ತಾನೆ. ಮೈಯೆಲ್ಲ ಉರಿಯುತ್ತದೆ.

ನೆಟ್‌ವರ್ಕ್‌ನವನು ಮೂರು ದಾರಿ ಹೇಳಿದ. ಕಂಪ್ಯೂಟರನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡುವುದು ಒಂದು. ಅದು ಬೀದಿ ಬಾಗಿಲು ಹಾರುಹೊಡೆದು ಮಲಗಿದ ಹಾಗೆ, ಬೇಡವೇ ಬೇಡ ಎಂದು ಅವನೇ ತಲೆಯಾಡಿಸಿದ. ಬೇರೆ ಕಂಪನಿಯೊಂದು ನಡೆಸುವ ವಿಪಿಎನ್, ಅಂದರೆ ಬಾಡಿಗೆ ಸುರಂಗ, ಇದೆ, ನಿಮಗೆ ತಲೆನೋವಿಲ್ಲ ಎಂದ.

"ಅಂದ್ರೆ ನಮ್ಮ ಬೀಗದ ಕೈ ಮುಖಾನೇ ನೋಡದವರ ಹತ್ರ ಇರುತ್ತೆ. ಸಾಕು ಬಿಡಪ್ಪಾ."

ಕೊನೆಗೆ ಮೂರನೆಯದನ್ನು, ಸುರಂಗದ ಬಾಯಿ ಕಾಯಲು ನಮ್ಮ ಕಚೇರಿಯಲ್ಲೇ ಇಡುವ ಸಣ್ಣ ಪೆಟ್ಟಿಗೆಯನ್ನು, ಆರಿಸಿದೆ. ಕಣ್ಣೆದುರಿಗೆ ಇರುತ್ತದಲ್ಲ, ಅದಕ್ಕೆ.

"ಪಾಸ್‌ವರ್ಡ್ ಹಾಕಿದ ಮೇಲೆ 'ಇದು ನೀವೇನಾ?' ಅಂತ ನಿಮ್ಮ ತಂಗಿ ಫೋನಿಗೆ ಕೇಳುತ್ತೆ. ಹೌದು ಅಂತ ಒತ್ತಿದ್ರೆ ಮಾತ್ರ ಒಳಗೆ ಬಿಡುತ್ತೆ."

"ನನ್ನ ಫೋನಿಗೆ ಕೇಳಲಿ."

"ಅದು ಅವರನ್ನ ಕೇಳೋ ಪ್ರಶ್ನೆ ಮೇಡಂ. ನೀವು ಅವರಲ್ವಲ್ಲ!"

"ನಾನು ಅವಳ ಅಕ್ಕ. ಹಾಕಯ್ಯಾ ಸುಮ್ನೆ."

ಹಾಕಿದ. ತಂಗಿ "ನಿನ್ನಿಷ್ಟ ಅಕ್ಕಾ" ಎಂದಳು, ಅಷ್ಟೇ. ಅಂದಿನಿಂದ ಅವಳು ಕೆಲಸಕ್ಕೆ ಕೂತಾಗಲೆಲ್ಲ ನನ್ನ ಫೋನು ಗುಂಯ್‌ಗುಟ್ಟುತ್ತಿತ್ತು. ನಾನು ಹೌದು ಎನ್ನುತ್ತಿದ್ದೆ. ಅವಳು ಅಲ್ಲಿ ಮೌಸ್ ಆಡಿಸಿದರೆ ಇಲ್ಲಿ ಖಾಲಿ ಕುರ್ಚಿಯೆದುರು ಅವಳ ಕಂಪ್ಯೂಟರಿನಲ್ಲಿ ಬಾಣ ಓಡಾಡುತ್ತಿತ್ತು.

ಒಂದು ಮಧ್ಯಾಹ್ನ ಅವಳ ಅತ್ತೆ ಫೋನ್ ಮಾಡಿದರು. "ಬಿಪಿ ಜಾಸ್ತಿಯಾಗಿದೆ ಅಂತ ಅವಳನ್ನ ಆಸ್ಪತ್ರೆಗೆ ಸೇರಿಸಿದೀವಿ ಕಣಮ್ಮಾ. ಗಾಬರಿ ಆಗಬೇಡ."

ಚೀಲ ಎತ್ತಿಕೊಂಡು ಹೊರಟೆ. ಬಾಗಿಲು ದಾಟಿರಲಿಲ್ಲ, ಫೋನು ಗುಂಯ್‌ಗುಟ್ಟಿತು. ಇದು ನೀವೇನಾ?

ಅವಳು ಆಸ್ಪತ್ರೆಯಲ್ಲಿ. ಹಾಗಾದರೆ ಇದು ಯಾರು? ಸಿಕ್ಕಿಬಿದ್ದ ಮಗ! ಹೌದು ಒತ್ತಿ, ಚೀಲ ಬಿಸಾಕಿ, ಅವಳ ಕಂಪ್ಯೂಟರಿನ ಮುಂದೆ ಕೂತೆ. ಬಾಣ ನೆಟ್ಟಗೆ ಹೊಸ ಕೋಟಿನ ನಕ್ಷೆ ತೆರೆಯಿತು. ಮೌಸ್ ಹಿಡಿದುಕೊಂಡೆ. ಅದು ಎಡಕ್ಕೆ ಎಳೆದರೆ ನಾನು ಬಲಕ್ಕೆ ಎಳೆದೆ. ನಕ್ಷೆಯ ಮೂಲೆಯಲ್ಲಿ ಟೈಪ್ ಮಾಡಿದೆ: "ಯಾರೋ ನೀನು?"

"ನಾನೇ ಅಕ್ಕಾ. ಕೋಟಿನ ತೋಳು ಅರ್ಧಕ್ಕೆ ನಿಂತಿದೆ. ಮೌಸ್ ಬಿಡು."

"ನೀನೇ ಅನ್ನೋದಕ್ಕೆ ಏನು ಗ್ಯಾರಂಟಿ? ಅಮ್ಮ ನಿನ್ನ ಏನಂತ ಕರೀತಿದ್ಲು?"

"ಗುಬ್ಬಿ."

ಎದೆ ಹಗುರಾಯಿತು. ಅಲ್ಲಿಗೇ ಬಿಡಬೇಕಿತ್ತು. ಆದರೆ ಅದು ಅವಳ ಗಂಡನಿಗೂ ಗೊತ್ತಿರುತ್ತದಲ್ಲ ಎಂದು ಈ ಹಾಳು ಮನಸ್ಸು ಪಿಸುಗುಟ್ಟಿತು. ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದದ್ದನ್ನೇ ಕೇಳಿ ಮತ್ತೆ ಟೈಪ್ ಮಾಡಿದೆ: "ಅಮ್ಮ ಸಾಯೋ ಮುಂಚೆ ನಿನ್ನ ಕಿವೀಲಿ ಏನು ಹೇಳಿದ್ಲು?"

ಬಾಣ ನಿಂತುಬಿಟ್ಟಿತು. ಫೋನ್ ಬಂತು.

"ಅದನ್ನೂ ಹೇಳಬೇಕಾ ಅಕ್ಕಾ, ಒಂದು ತೋಳಿಗೋಸ್ಕರ?" ತಂಗಿಯ ದನಿ ಸೋತಿತ್ತು.

"ಅಯ್ಯೋ, ನಿನ್ನ ಮೇಲಲ್ವೇ... ನಿನ್ನ ಗಂಡ..."

"ಇವರು ಲ್ಯಾಪ್‌ಟಾಪ್ ಹಿಡ್ಕೊಂಡು ನಿಂತಿದಾರೆ. ನನ್ನ ಒಂದು ಕೈಗೆ ಡ್ರಿಪ್ ಹಾಕಿದಾರೆ. ನಾಳೆ ಕಾರ್ಖಾನೆಗೆ ನಕ್ಷೆ ಹೋಗದಿದ್ರೆ ಅಕ್ಕನ ಮಾನ ಹೋಗುತ್ತೆ ಅಂತ ಡಾಕ್ಟರ ಕೈಲಿ ಬೈಸಿಕೊಂಡು ಕೂತಿದೀನಿ."

"ತಪ್ಪಾಯ್ತು ಕಣೇ," ಎಂದೆ.

"ಇರಲಿ. ತೋಳು ಮುಗಿಸಿಕೊಡ್ತೀನಿ. ಹೆರಿಗೆ ಆದಮೇಲೆ ಎದುರು ಬೀದಿಗೆ ಸೇರ್ಕೋತೀನಿ. ಅಲ್ಲಿ ನಾನು ಹೌದೋ ಅಲ್ವೋ ಅಂತ ನನ್ನ ಫೋನಿಗೇ ಕೇಳ್ತಾರಂತೆ."

ಮೌಸಿನಿಂದ ಕೈ ತೆಗೆದೆ. ಬಾಣ ಮೆಲ್ಲಗೆ ಗೆರೆಯ ಮೇಲೆ ಸಾಗತೊಡಗಿತು. ಆಸ್ಪತ್ರೆಗೆ ಹೋಗಲು ಮುಖವಿಲ್ಲದೆ, ಅವಳ ಕೆಲಸ ಮುಗಿಯುವವರೆಗೂ ಅಲ್ಲೇ ಕೂತು ಅಳುತ್ತಿದ್ದೆ.