ಗಾಯ ಒಣಗಿದ ದಿನ

"ಇವತ್ತು ಕೀವೇ ಬತ್ತಾ ಇಲ್ಲ ಕಣ್ರೀ," ಎಂದಳು ಧನಲಕ್ಷ್ಮಿ.

ಹೆಂಡತಿಯ ಹೊಟ್ಟೆಯ ಗಾಯದ ಪಕ್ಕ ಸ್ಕೇಲು ಇಟ್ಟು ಮೊಬೈಲು ಹಿಡಿದಿದ್ದ ನಟರಾಜು, ಫೋಟೋವನ್ನು ದೊಡ್ಡದು ಮಾಡಿ ನೋಡಿದ. ನಿಜ. ಹಾಸನದ ನರ್ಸಿಂಗ್ ಹೋಮಿನಲ್ಲಿ ಗರ್ಭಕೋಶ ತೆಗೆಸಿದಾಗಿನಿಂದ ಜಿನುಗುತ್ತಲೇ ಇದ್ದ ಜಾಗ ಹಕ್ಕಳೆ ಕಟ್ಟಿತ್ತು.

"ಇವತ್ತೇನಾ?" ಎಂದ. ಅಂದ ಮೇಲೆ ತನ್ನ ದನಿ ತನಗೇ ಕೇಳಿಸಿತು.

ಇವತ್ತು ಜಿಲ್ಲಾ ಆಸ್ಪತ್ರೆಯಲ್ಲಿ ಡಾಕ್ಟರುಗಳ ಮಂಡಳಿ ಅವಳನ್ನು ನೋಡುವುದಿತ್ತು. ನರ್ಸಿಂಗ್ ಹೋಮಿನ ಮೇಲೆ ಗ್ರಾಹಕರ ಆಯೋಗದಲ್ಲಿ ಹೂಡಿದ ಕೇಸು ಅವರ ವರದಿಯ ಮೇಲೆ ನಿಂತಿತ್ತು. ಕೀವು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಆಪರೇಷನ್ನಿನ ಸೋಂಕು ಅಂತ ಬಂದರೆ ಗೆದ್ದ ಹಾಗೆ ಎಂದಿದ್ದ ವಕೀಲ ಸುದರ್ಶನ್. ಮನೆಮದ್ದು ಮಾತ್ರ ಮುಟ್ಟಿಸಬೇಡಿ, ಎದುರು ಪಕ್ಷದವರು ಅದನ್ನೇ ಕಾಯುತ್ತಿದ್ದಾರೆ ಎಂದೂ ಹೇಳಿದ್ದ.

ಅರಕಲಗೂಡಿನಲ್ಲಿ ಬಸ್ಸು ಹತ್ತಿದರು. ಇಬ್ಬರ ನಡುವೆ ಫೈಲಿನ ಚೀಲ ಕೂತಿತು. ಮದುವೆಯ ಹೊಸತರಲ್ಲಿ ಇದೇ ದಾರಿಯಲ್ಲಿ ಅವಳು ಅವನ ಹೆಗಲಿಗೊರಗಿ ನಿದ್ದೆ ಹೋಗುತ್ತಿದ್ದಳು. ಈಗ ಕಾಲೇಜಿನಲ್ಲಿ ಇತಿಹಾಸ ಹೇಳುವ ಅವನಿಗೆ ಆ ದೇಹದ ಬಗ್ಗೆ ಗೊತ್ತಿದ್ದದ್ದು ಸೆಂಟಿಮೀಟರುಗಳಲ್ಲಿ ಮಾತ್ರ.

ಶುಂಠಿ ಹೊಲಗಳು ಹಿಂದಾದ ಮೇಲೆ ಅವಳು ಮೆಲ್ಲಗೆ ಬಾಯಿಬಿಟ್ಟಳು. "ದಂಡಿಗನಳ್ಳಿ ಅಮ್ಮನ ಗುಡಿ ಅರಿಸಿನ. ಅಕ್ಕ ತಂದ್ಕೊಟ್ಲು. ದಿನಾ ಅಚ್ಕೊಂಡೆ. ಯೋಳುದ್ರೆ ಬೈತೀರಿ ಅಂತ..."

"ಹಚ್ಬೇಡ ಅಂದಿರಲಿಲ್ವಾ?"

"ವಾಸಿ ಆಯ್ತಲ್ಲ."

ಅವನು ಚೀಲ ತೆರೆದು ಕಾಗದಗಳನ್ನು ತಿರುವತೊಡಗಿದ. ಗುಡಿಯಿಂದ ಆಗತಾನೆ ಹೊರಬಂದವಳ ಹಾಗೆ ಅವಳ ಮುಖ ತಿಳಿಯಾಗಿತ್ತು. ಅವನೂ ನಗಲಿ ಎಂದು ಸ್ವಲ್ಪ ಹೊತ್ತು ಕಾದಳು. ಆಮೇಲೆ ಕಿಟಕಿಯ ಕಡೆ ತಿರುಗಿದಳು.

ಆಸ್ಪತ್ರೆಯ ಬೆಂಚಿನಿಂದಲೇ ಸುದರ್ಶನನಿಗೆ ಫೋನು ಮಾಡಿ ವಿಷಯ ಹೇಳಿದ. ಅವನು ನಕ್ಕ. "ಗುಣ ಆಯ್ತು ಅಂದ್ರೆ ನಿಮ್ಗೆ ಕಂಗ್ರಾಟ್ಸ್ ಹೇಳ್ಬೇಕಾ, ಸಮಾಧಾನ ಹೇಳ್ಬೇಕಾ ಸಾರ್?" ನಟರಾಜುವೂ ನಕ್ಕ. ಪಕ್ಕದಲ್ಲಿದ್ದವಳು ಆ ನಗುವನ್ನೇ ನೋಡುತ್ತಿದ್ದಳು.

"ಅರಿಸಿನ ತೊಳ್ಕೊಂಡು ಬಾ. ಒಂಚೂರೂ ಕಾಣ್ಬಾರ್ದು," ಎಂದ ಅವಳಿಗೆ.

ಅವಳು ಎದ್ದಳು. "ಇಷ್ಟ್ ದಿನ ನೀವು ಅಲ್ದಾಡಿದ್ದೆಲ್ಲ ದಂಡ ಆಗೋಯ್ತದೆ, ಅಲ್ವಾ?"

"ನೋಡೋಣ," ಎಂದ.

ಬೆಂಚಿನ ಇನ್ನೊಂದು ತುದಿಯಲ್ಲಿದ್ದ ಮುದುಕ, ಮನೆಯವ್ರಿಗೆ ಏನಾಗೈತೆ ಸಾ ಎಂದು ಕೇಳಿದ. ಸೋಂಕು ಎಂದ ನಟರಾಜು. "ಇನ್ನೂ ಓಗಿಲ್ವಾ?" ಇಲ್ಲ ಎನ್ನುವಾಗ ನಾಲಿಗೆ ತಡವರಿಸಲಿಲ್ಲ.

ಧನಲಕ್ಷ್ಮಿ ಬರುವುದು ತಡವಾಯಿತು. ಬಂದಾಗ ಸೆರಗು ಒದ್ದೆಯಾಗಿತ್ತು. ಬಳೆಗೆ ಸದಾ ಸಿಕ್ಕಿಸಿಕೊಂಡಿರುವ ಪಿನ್ನನ್ನು ಮತ್ತೆ ಬಳೆಗೆ ಹಾಕಿಕೊಳ್ಳುತ್ತಾ, ಅವನ ಮುಂದೆ ನಿಂತಳು.

"ಅರಿಸಿನ ಓಯ್ತು," ಎಂದಳು. "ಈಗ ಬತ್ತಾ ಐತೆ."

ಕೀವಲ್ಲ, ರಕ್ತ. ಪಿನ್ನಿನ ತುದಿಯಲ್ಲೂ ಅದೇ. ಹೊಟ್ಟೆಯ ಮೇಲಿನ ಸೀರೆ ಅಷ್ಟಗಲ ಕೆಂಪಾಗಿತ್ತು.

ಒಳಗಿನಿಂದ ಯಾರೋ, "ಧನಲಕ್ಷ್ಮಿ ಯಾರ್ರೀ?" ಎಂದು ಕೂಗಿದರು. ಅವಳು ಅಲುಗಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು, ಇಷ್ಟು ಸಾಕೋ ಸಾಲದೋ ಎನ್ನುವ ಹಾಗೆ. ಅಭ್ಯಾಸಬಲದಿಂದ ಅವನ ಕೈ ಚೀಲದೊಳಗಿಂದ ಸ್ಕೇಲು ತೆಗೆದಿತ್ತು. ಕಲೆ ನೆರಿಗೆಯಿಂದ ನೆರಿಗೆಗೆ ಇಳಿಯುತ್ತಿತ್ತು. ಸ್ಕೇಲಿನ ಸೊನ್ನೆಯನ್ನು ಎಲ್ಲಿಡಬೇಕೋ ಅವನಿಗೆ ತಿಳಿಯಲಿಲ್ಲ.