ನೂರಿಪ್ಪತ್ತು–ಎಂಬತ್ತು

"ಮಾತಾಡ್ಬೇಡಿ ಮೇಡಂ, ಕೈ ಸಡಿಲ ಬಿಡಿ," ಎಂದು ಗದರಿಸಿ ನರ್ಸ್ ಬಿ.ಪಿ. ಪಟ್ಟಿಗೆ ಮತ್ತೆ ಗಾಳಿ ತುಂಬಿದಳು. ದಿನವಿಡೀ ಇನ್ನೊಬ್ಬರನ್ನು ಗದರಿಸುವ ಹೆರಿಗೆ ವಾರ್ಡಿನ ಡಾಕ್ಟರಮ್ಮ ತೆಪ್ಪಗೆ ಕೂತರು. ಮೂರನೇ ಸಲವೂ ಅಷ್ಟೇ ಬಂತು: ನೂರ ತೊಂಬತ್ತು, ನೂರ ಹತ್ತು.

"ಬರಿಯಮ್ಮ, ಇದ್ದದ್ದು ಇದ್ದಹಾಗೆ ಬರಿ."

ನರ್ಸ್ ಪೆನ್ನು ಹಿಡಿದು ಬಾಗಿಲ ಕಡೆ ನೋಡಿದಳು. ಆ ಆಸ್ಪತ್ರೆಯಲ್ಲಿ ಸಿಬ್ಬಂದಿಯ ವಾರ್ಷಿಕ ತಪಾಸಣೆ ಎಂದರೆ, ಯಾರಾದರೊಬ್ಬರು ಕೂತು ಎಲ್ಲ ಡಾಕ್ಟರುಗಳ ಫಾರಂನಲ್ಲೂ ನೂರಿಪ್ಪತ್ತು–ಎಂಬತ್ತು ಎಂದು ಗೀಚಿ ಕೈತೊಳೆದುಕೊಳ್ಳುವುದು. ಉಪ್ಪು ಕಡಿಮೆ ಮಾಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವವರಿಗೆ ತಮ್ಮ ತೋಳಿಗೆ ಪಟ್ಟಿ ಸುತ್ತಿಕೊಳ್ಳಲು ಪುರಸೊತ್ತೆಲ್ಲಿ? ಹೋದ ವರ್ಷ ಗೀಚಿದ್ದು ಈ ಡಾಕ್ಟರಮ್ಮನೇ. ಟೀ ಆರುವುದರೊಳಗೆ ಇಪ್ಪತ್ತಾರು ಫಾರಂ ಮುಗಿಸಿದ್ದರು.

ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಒಳಗೆ ಬಂದು, ನರ್ಸ್ ಹೇಳಿದ ಅಂಕಿ ಕೇಳಿ ಹುಬ್ಬು ಗಂಟಿಕ್ಕಿದರು.

"ಏನಮ್ಮಾ ಇದು? ಹೀಗೆ ಬರೆದ್ರೆ ನಿಮ್ಮನ್ನ ಇವತ್ತೇ ಡ್ಯೂಟಿಯಿಂದ ಇಳಿಸ್ಬೇಕಾಗುತ್ತೆ. ವಾರ್ಡ್ ಯಾರು ನೋಡ್ತಾರೆ? ಒಂದು ಮಾತ್ರೆ ನುಂಗಿ, ಯಾವಾಗ್ಲೂ ಬರೆಯೋದನ್ನ ಬರೀರಿ."

"ಬರೆಯಲ್ಲ ಸಾರ್."

"ಹಠ ಮಾಡ್ಬೇಡಿ. ನಿಮ್ಮ ಬಡ್ತಿ ಫೈಲು ನನ್ನ ಮೇಜಿನ ಮೇಲೇ ಇದೆ."

ಡಾಕ್ಟರಮ್ಮನಿಗೆ ಪಿತ್ತ ನೆತ್ತಿಗೇರಿತು. ವಾರಕ್ಕೆ ನಾಲ್ಕು ದಿನ ಎರಡೆರಡು ಪಾಳಿ ದುಡಿಸಿಕೊಂಡು ಈಗ ಬಡ್ತಿಯ ಬೆದರಿಕೆ ಬೇರೆ! ಆದರೂ ದನಿ ಏರಿಸಲಿಲ್ಲ.

"ಹೋದ ವರ್ಷ ಮಕ್ಕಳ ಡಾಕ್ಟರಮ್ಮಂದೂ ನೂರಿಪ್ಪತ್ತು–ಎಂಬತ್ತೇ ಸಾರ್. ಬರೆದೋಳು ನಾನೇ. ತಲೆ ಸುತ್ತುತ್ತೆ ಕಣೇ ಅಂದ್ಲು, ಟೀ ಕುಡಿ ಸರಿಹೋಗುತ್ತೆ ಅಂದೆ. ಮೂರೇ ತಿಂಗಳಿಗೆ ಲಕ್ವಾ ಹೊಡೀತು. ಈಗ ಮಗಳು ಅಮ್ಮಂಗೆ ಜಡೆ ಹಾಕ್ತಾಳೆ. ಆ ಪಾಪ ಒಂದೇ ಸಾಕು ನಂಗೆ. ಬಡ್ತಿ ನೀವೇ ಇಟ್ಕೊಳ್ಳಿ."

ನರ್ಸ್ ಕೈಯಿಂದ ಪೆನ್ನು ಕಿತ್ತುಕೊಂಡು, ಖಾಲಿ ಜಾಗದಲ್ಲಿ ದಪ್ಪಕ್ಷರದಲ್ಲಿ ಅಂಕಿ ಬರೆದು ಸಹಿ ಹಾಕಿದರು. ಅಷ್ಟರಲ್ಲಿ ಅವರ ಫೋನು ಹೊಡೆದುಕೊಳ್ಳತೊಡಗಿತು. ವಾರ್ಡಿನಿಂದ ಕರೆ.

ಡಾಕ್ಟರಮ್ಮ ಅದನ್ನು ದೊಡ್ಡ ಡಾಕ್ಟರ ಕೈಗಿಟ್ಟರು. "ತಗೊಳ್ಳಿ ಸಾರ್. ನಂಗೆ ಹೆರಿಗೆ ಮಾಡ್ಸೋದು ಕಲಿಸಿದ್ದೇ ನೀವಲ್ವಾ?"

ಚಪ್ಪಲಿ ಕಳಚಿ, ರೋಗಿಗಳ ಮಂಚ ಹತ್ತಿ ಮಲಗಿದರು. ನರ್ಸ್ ನಗು ತಡೆಹಿಡಿದು ಪರದೆ ಎಳೆದಳು. ಫೋನು ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು. ಆಮೇಲೆ ನಿಂತಿತು.

"ಹಲೋ... ಹೂಂ, ನಾನೇ. ನೋವು ಶುರುವಾಗಿ ಎಷ್ಟು ಹೊತ್ತಾಯ್ತು?"

ಮಾತಾಡುತ್ತಲೇ ದೊಡ್ಡ ಡಾಕ್ಟರು ಹೊರಗೆ ಹೋದರು. ಅವರ ಬೂಟಿನ ಸದ್ದು ಹೆರಿಗೆ ವಾರ್ಡಿನ ಕಡೆ ದೂರವಾಗುತ್ತಾ ಹೋಯಿತು.